ಮನ್ಮಾಡಿನ ಚಪ್ಪಲಿ ಕಥೆಗೆ ನಾನು ಕೊಟ್ಟ ವಾಯ್ಸ್

ರಿಟೈರ್ ಆದಮೇಲೆ ನಾಸಿಕದ ಒಂದು ಶಾಲೆಯಲ್ಲಿ ವಾರಕ್ಕೆರಡು ದಿನ ಡಿಜಿಟಲ್ ಸ್ಟೋರಿಟೆಲಿಂಗ್ ಕಲಿಸುತ್ತಿದ್ದೆ. ಈ ವಯಸ್ಸಿನಲ್ಲಿ ಎಡಿಟಿಂಗ್ ಆ್ಯಪ್ ಕಲಿತೆನೆಂಬ ಜಂಬ ಬೇರೆ. ಮನೆಯವರೊಬ್ಬರ ಕಥೆಯನ್ನು ಅವರದೇ ದನಿಯಲ್ಲಿ ರೆಕಾರ್ಡ್ ಮಾಡಿ, ಫೋಟೊ, ಚಿತ್ರ ಸೇರಿಸಿ ಮೂರು ನಿಮಿಷದ ವಿಡಿಯೊ ಮಾಡಬೇಕು. ಏಳನೆಯ ಕ್ಲಾಸಿಗೆ ನಾನು ಕೊಟ್ಟ ಪ್ರಾಜೆಕ್ಟ್ ಅದು.

ಬೀದರ್ ಕಡೆಯ ಒಬ್ಬ ಹುಡುಗಿ ಶಾಲೆಯ ಟ್ಯಾಬ್ ಒಯ್ದು ತನ್ನ ಅಜ್ಜಿಯನ್ನು ಮಾತಾಡಿಸಿ ತಂದಳು. ಅವಳ ಅಪ್ಪ ಓಝರ್ ಬಳಿಯ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಅಜ್ಜಿ ಹೊಸ ಮದುವಣಗಿತ್ತಿಯಾಗಿ ಈ ಕಡೆ ಬರುವಾಗ ಸೆರಗು ಮೂಗಿನ ತನಕ ಇಳಿದಿತ್ತಂತೆ, ಕಾಣುತ್ತಿದ್ದದ್ದು ಗಂಡನ ಚಪ್ಪಲಿ ಮಾತ್ರ. ಮನ್ಮಾಡಿನಲ್ಲಿ ಗಾಡಿ ಬದಲಿಸುವಾಗ ಅಂಥದೇ ಚಪ್ಪಲಿಯ ಇನ್ನೊಬ್ಬನ ಹಿಂದೆ ನಡೆದು ಬೇರೆ ಗಾಡಿ ಹತ್ತಿ ಕುಳಿತುಬಿಟ್ಟಿದ್ದರು.

“ಮಗ ಅಂವಾ ಕಾಯ್ ಅಂದಾ, ಅಜ್ಜಿ?” ಆಮೇಲೆ ಆ ಚಪ್ಪಲಿಯವನು ಏನಂದ ಎಂದು ರೆಕಾರ್ಡಿಂಗಿನಲ್ಲಿ ಹುಡುಗಿ ಅರ್ಧ ಮರಾಠಿಯಲ್ಲಿ ಕೇಳುತ್ತಾಳೆ.

“ಏನಂತಾನ, ನನ್ನ ಹೇಣ್ತಿ ಊರಾಗ ಅದಾಳ್ರಿ ತಾಯಿ ಅಂದ.”

ಅಲ್ಲಿಂದ ಇಬ್ಬರದೂ ನಗು, ಹಿಂದೆ ಕುಕ್ಕರ್ ಸೀಟಿ.

ಸಂಭಾಜಿನಗರದಲ್ಲಿ ಶಾಲೆಗಳ ಪ್ರದರ್ಶನವಿತ್ತು. ಇಷ್ಟು ಗಲಾಟೆ, ಇಷ್ಟು ಕಲಬೆರಕೆ ಮಾತು ಜನರೆದುರು ಹೇಗೆ ಹಾಕುವುದೆಂದು ನನಗೆ ಸಂಕೋಚವಾಯಿತು. ಕಾನ್ವೆಂಟಿನ ಎಲೊಕ್ಯೂಷನ್ ಕ್ಲಾಸು ನನ್ನೊಳಗಿಂದ ಇನ್ನೂ ಹೋಗಿಲ್ಲ. ಅವರ ಮಾತೆಲ್ಲ ತೆಗೆದು, ಕಥೆಯನ್ನು ಇಂಗ್ಲಿಷಿನಲ್ಲಿ ಬರೆದು ನಾನೇ ಓದಿದೆ. ಹುಡುಗಿಯನ್ನು ಒಂದು ಮಾತು ಕೇಳಲಿಲ್ಲ. ಟ್ಯಾಬ್ ತುಂಬಿತ್ತು. ಫೈನಲ್ ಫೈಲ್ ಆದಮೇಲೆ ಒರಿಜಿನಲ್ ಇಟ್ಟುಕೊಳ್ಳಬಾರದೆಂಬುದು ನಾನೇ ಮಾಡಿದ್ದ ರೂಲ್. ಡಿಲೀಟ್ ಮಾಡಿದೆ.

ದೊಡ್ಡ ಸ್ಪೀಕರಿನಲ್ಲಿ ತಮ್ಮ ದನಿ ಕೇಳಬೇಕೆಂದು ಅಜ್ಜಿ ಇಳಕಲ್ ಸೀರೆ ಉಟ್ಟು ಸಂಭಾಜಿನಗರದ ತನಕ ಬಂದಿದ್ದರು. ಮುಂದಿನ ಸಾಲಿನಲ್ಲೇ ಕುಳಿತರು. ವಿಡಿಯೊ ಮುಗಿಯಿತು, ಚಪ್ಪಾಳೆಯೂ ಆಯಿತು. ಕ್ಲಿಯರ್ ನರೇಷನ್ ಎಂದು ಯಾರೋ ಹೊಗಳಿದರು. ಅಜ್ಜಿ ನನ್ನ ಕಡೆ ಬಾಗಿದರು.

“ಫೋಟೊ ನಂದೇ ಅದ ಅಕ್ಕೋರೆ. ಮಾತಾಡ್ದಾಕಿ ಯಾರ್ರಿ?”

ನಾನೇ ಎಂದೆ. ಹುಡುಗಿ ನೆಲ ನೋಡುತ್ತಿದ್ದಳು.

ಮುಂದಿನ ಭಾನುವಾರ ಅವರ ಮನೆಗೆ ಹೋಗಿ, ಅಳಿಸಿದ್ದನ್ನು ಒಪ್ಪಿಕೊಂಡೆ. ಸಾರಿ ಎಂಬ ಪದ ಅಷ್ಟು ಹಗುರ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಅಜ್ಜಿ ಸಿಟ್ಟಾಗಲಿಲ್ಲ, ಚಹಾ ಕೊಟ್ಟರು. ಇನ್ನೊಮ್ಮೆ ಹೇಳಿ, ಹೇಗಿದೆಯೋ ಹಾಗೇ ಇಡುತ್ತೇನೆ ಎಂದು ಕೇಳಿಕೊಂಡೆ. ಒಪ್ಪಿದರು. ಆದರೆ ಫೋನ್ ಎದುರಿಗಿಟ್ಟ ಕೂಡಲೇ ಸೆರಗು ಸರಿಮಾಡಿ, ಬೆನ್ನು ನೆಟ್ಟಗೆ ಮಾಡಿ ಕುಳಿತು, “ನಾನು ತಪ್ಪು ರೈಲು ಹತ್ತಿದೆನು” ಎಂದು ಪಾಠ ಒಪ್ಪಿಸುವವರಂತೆ ಶುರು ಮಾಡಿದರು. ಚಪ್ಪಲಿಯ ಮಾತು ಬರಲೇ ಇಲ್ಲ. ಹುಡುಗಿ, ಯಾರೂ ಹೇಳದೆ, ನನ್ನದೇ ಉಚ್ಚಾರದಲ್ಲಿ ಕೇಳಿದಳು, “ವರ್ ಯು ಅಫ್ರೇಡ್, ಗ್ರ್ಯಾಂಡ್‌ಮದರ್?”

ಅಜ್ಜಿ ಮೊಮ್ಮಗಳ ಮುಖ ನೋಡಿ, ಆಮೇಲೆ ನನ್ನ ಕಡೆ ತಿರುಗಿದರು. “ಏನ್ ಕೇಳ್ತಾಳ್ರಿ?”

ಅಂಜಿಕಿ ಆಗಿತ್ತೇನು ಅಂತ ಕೇಳ್ತಾಳೆ ಎಂದು ನಾನು ಅವರಿಗೆ ಕನ್ನಡದಲ್ಲಿ ಹೇಳಿದೆ.