ತಟ್ಟೆಯಿಂದ ಬಂದ ಉತ್ತರ

"ಆ ಮೀಸೆಯವನು ಜಾಗ ಬಿಡೋ ಹಾಗೆ ಕಾಣಲ್ಲ. ಮಾವನ ಮನೆ ಆಸ್ತಿ ಅಂದ್ಕೊಂಡಿದ್ದಾನೆ," ಎಂದೆ ಮಗಳಿಗೆ.

ತೊಂಬತ್ತರ ದಶಕದ ಮಾತು. ವಿಶಾಖಪಟ್ಟಣದ ವಿಜ್ಞಾನ ಪ್ರದರ್ಶನವೊಂದರಲ್ಲಿ ಸಭಾಂಗಣದ ಎರಡು ತುದಿಗೆ ಬೋಗುಣಿಯಂಥ ಆಳೆತ್ತರದ ತಟ್ಟೆಗಳನ್ನು ಎದುರುಬದುರಾಗಿ ನಿಲ್ಲಿಸಿದ್ದರು. ಒಂದರ ಮುಂದೆ ಪಿಸುಗುಟ್ಟಿದರೆ ಇನ್ನೊಂದರ ಬಳಿ ಸ್ಪಷ್ಟವಾಗಿ ಕೇಳಿಸುತ್ತದೆ. ನಾನೂ ಮಗಳೂ ಈಚೆ ತಟ್ಟೆಯ ಮುಂದೆ ಹರಟುತ್ತಿದ್ದೆವು. ಆಚೆ ನನ್ನ ಮಗ ಸರದಿಗಾಗಿ ಕಾದಿದ್ದ. ಕಿವಿಯೊಡ್ಡಿ ನಿಂತ ಮೀಸೆಯವರು ಮಾತ್ರ ಕದಲಲೇ ಇಲ್ಲ.

ಯಜಮಾನರ ಬ್ಯಾಂಕಿನ ವರ್ಗಾವಣೆಯಿಂದಾಗಿ ಮೈಸೂರು ಬಿಟ್ಟು ಬಂದ ಮೇಲೆ ನಮಗೆ ಇದೊಂದು ಚಾಳಿ. ಯಾರಿಗೂ ತಿಳಿಯುವುದಿಲ್ಲವೆಂಬ ಧೈರ್ಯದಲ್ಲಿ ಎದುರಿಗಿದ್ದವರನ್ನೇ ಕನ್ನಡದಲ್ಲಿ ಆಡಿಕೊಳ್ಳುವುದು.

ತಟ್ಟೆ ಮಾತಾಡಿತು. "ಮಾವನ ಆಸ್ತಿ ಅಲ್ರೀ ಅಕ್ಕಾರ. ನಾ ಗದಗಿನಾಂವ, ಇಲ್ಲೇ ನೇವಿಯೊಳಗ ಅದೀನಿ. ಕನ್ನಡ ಕಿವಿಗೆ ಬಿದ್ದು ಭಾಳ ದಿನಾತು. ಇನ್ನೂ ನಾಕು ಮಾತು ಬೈರಿ."

ನಾನು ಮಗಳ ಬೆನ್ನ ಹಿಂದೆ ಅವಿತುಕೊಂಡೆ.

ಆಮೇಲೆ ಆ ಊರಲ್ಲಿದ್ದಷ್ಟು ದಿನ ಬೀದಿಯಲ್ಲಿ ಯಾರನ್ನೂ ಆಡಿಕೊಳ್ಳಲಿಲ್ಲ. ಆಸೆಯಾದಾಗಲೆಲ್ಲ, ಅಂದು ಪರಿಚಯವಾದ ಆ ಗದಗಿನವರ ಮನೆಗೇ ಹೋಗುತ್ತಿದ್ದೆ. ಅವರ ಹೆಂಡತಿ ಚಹಾಕ್ಕಿಟ್ಟು, ನಮ್ಮ ಮಾತು ಹೊರಗೆ ಕೇಳಿಸದಂತೆ ಬಾಗಿಲು ಮುಂದೆ ಮಾಡುತ್ತಿದ್ದರು.