ತಾಮ್ರದ ಮುಂದಿನ ಗೆರೆ

ಎಂಬತ್ತರ ದಶಕದ ಕೊನೆಯ ಒಂದು ಮಾರ್ಚ್, ಮಂಗಳವಾರ, ಬೆಳಿಗ್ಗೆ ಹತ್ತೂಕಾಲು. ಚಿಕ್ಕೋಡಿಯ ನಮ್ಮ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಇದ್ದವರು ಮೂವರು: ನಾನು, ಟೈಪಿಸ್ಟ್, ಅಥಣಿ ಬಸ್ಸಿಳಿದು ನೆಟ್ಟಗೆ ಬಂದಿದ್ದ ಒಬ್ಬ ಹೆಣ್ಣುಮಗಳು.

ದ್ರಾಕ್ಷಿಗೆ ಹೊಡೆಯುವ, ತಾಮ್ರವಿರುವ ಮೈಲುತುತ್ತದ ಚೀಲ ಆಕೆಯ ಬಾವಿಗೆ ಬಿದ್ದಿತ್ತು. ನೀರನ್ನೆಲ್ಲ ಎತ್ತಿ ಚೆಲ್ಲಿ, ಹೊಸ ನೀರು ಬಂದ ಮೇಲೆ ಒಂದು ಬಾಟಲಿ ತಂದುಕೊಟ್ಟಿದ್ದಳು. ನಾವು ವರದಿ ಕೊಟ್ಟು ನಾಲ್ಕು ದಿನವಾಗಿತ್ತು.

"ಸಾಹೇಬ್ರ, ತಾಮ್ರದ ಮುಂದ ಬರೇ ಗೆರಿ ಐತ್ರಿ. ತಪಾಸ ಮಾಡೇ ಇಲ್ಲ ಅಂತಾನ ನಮ್ಮ ಮೈದುನ. ಎಮ್ಮಿಗೆ ಆ ನೀರು ಕುಡಸಗೊಡವಲ್ಲ. ನಾಲ್ಕ ಎಮ್ಮಿ, ಒಂದು ಗಬ್ಬ ಐತಿ. ಕೊಡಾ ಹೊತ್ತು ಹೊತ್ತು ನನ್ನ ನೆತ್ತಿ ಬೋಳಾತ್ರಿ."

"ಗೆರಿ ಅಂದ್ರ ಸಿಕ್ಕಿಲ್ಲ ಅಂತ, ಅವ್ವಾ."

"ಹಂಗಾರ ಕೆಳಗ ಕ್ರಿಮಿ ಮುಂದೂ ಗೆರಿ ಐತಂತಲ್ರಿ. ಅವೂ ಸಿಕ್ಕಿಲ್ಲೇನು?"

ಕ್ರಿಮಿಯನ್ನು ನಾವು ಪರೀಕ್ಷಿಸಿಯೇ ಇರಲಿಲ್ಲ. ನಮೂನೆಯಲ್ಲಿ ಖಾಲಿ ಜಾಗ ಇರಕೂಡದೆಂಬುದು ನನ್ನದೇ ಕಟ್ಟಪ್ಪಣೆ. ಅಳತೆಪಟ್ಟಿ ಇಟ್ಟು ಗೆರೆ ಎಳೆಸುತ್ತಿದ್ದೆ.

"ಗೆರಿ ಭಾಳ ನೀಟ ಅದಾವ್ರಿ ಸರ್," ಎಂದ ಟೈಪಿಸ್ಟ್, ಯಂತ್ರದ ಹಿಂದಿನಿಂದ. "ತಾಮ್ರದ ಮುಂದ ಸೊನ್ನಿ ಹೊಡೀಲೇನ್ರಿ?"

"ಬ್ಯಾಡ. ತೀರಾ ಕಡಿಮಿ ಇದ್ರ ನಮಗ ಕಾಣೂದಿಲ್ಲ. ಇಲ್ಲೇ ಇಲ್ಲ ಅಂತ ಹೆಂಗ ಬರೀಲಿ?"

"ಬೆಲ್ಲದ ತಕ್ಕಡ್ಯಾಗ ಸಾಸಿವಿ ತೂಗಿಧಂಗ," ಎಂದಳು ಆಕೆ. "ಅದು ಇರ್ಲಿ, ಎಮ್ಮಿ ಕುಡೀಬೇಕೋ ಬ್ಯಾಡೋ?"

"ತಾಮ್ರದ ಅಂಜಿಕಿ ಇಲ್ಲ, ಕುಡೀಲಿ. ಕ್ರಿಮಿ ನಾವು ನೋಡಿಲ್ಲ, ನೀವು ಮಾತ್ರ ಕಾಸಿ ಕುಡೀರಿ."

ಹೊಸ ವರದಿ ಹೇಳಿ ಟೈಪ್ ಮಾಡಿಸಿದೆ. "ತಾಮ್ರ: ಪರೀಕ್ಷಿಸಿದೆ, ಪತ್ತೆಯಾಗಿಲ್ಲ. ಲೀಟರಿಗೆ 0.05 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಈ ವಿಧಾನದಲ್ಲಿ ತಿಳಿಯದು. ಕುಡಿಯುವ ನೀರಿನ ಗರಿಷ್ಠ ಮಿತಿ ಇದಕ್ಕಿಂತ ಬಹಳ ಮೇಲಿದೆ. ಕ್ರಿಮಿ: ಪರೀಕ್ಷಿಸಿಲ್ಲ."

ಆಕೆ ಅದನ್ನು ಎರಡು ಸಲ ಓದಿಸಿ ಕೇಳಿದಳು. "ಈಗ ಓದ್ಲಿ ಆ ಶಾಣ್ಯಾ ಮೈದುನ," ಎಂದು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹನ್ನೆರಡರ ಬಸ್ಸಿಗೆ ಓಡಿದಳು.

ಕಳಿಸಬೇಕಾಗಿದ್ದ ಹನ್ನೊಂದು ವರದಿಗಳಲ್ಲೂ ಅದೇ ಗೆರೆಗಳಿದ್ದವು. ಊಟ ಮುಗಿಸಿ ಒಂದೊಂದನ್ನೇ ತಿದ್ದಲು ಕುಳಿತೆವು. ಕಡೆಯದು ಬೇಡಕಿಹಾಳದ ಒಂದು ಬಾವಿಯದು. ಐದೂವರೆಗೆ ಅದಕ್ಕೆ ಸಹಿ ಹಾಕಿ, ಅಳತೆಪಟ್ಟಿಯನ್ನು ಡ್ರಾವರಿನೊಳಗಿಟ್ಟೆ. ಟೈಪಿಸ್ಟ್ ಯಂತ್ರಕ್ಕೆ ಹೊದಿಕೆ ಹಾಕಿದ.