ಮುಳುಗದ ಹಡಗಿನ ಸುದ್ದಿ

ಯುದ್ಧ ಹತ್ತಿರ ಬಂದಿದೆಯೋ ದೂರವಿದೆಯೋ ಎಂದು ತಿಳಿಯಲು ಕುವೈತಿನ ರಿಗ್ಗೈಯ ನಮ್ಮ ಕಟ್ಟಡದಲ್ಲಿ ಟೀವಿ ನೋಡಬೇಕಾಗಿಲ್ಲ, ಲಿಫ್ಟಿನ ಪಕ್ಕದ ಮೂಲೆಯನ್ನು ನೋಡಿದರೆ ಸಾಕು. ಅಲ್ಲಿ ಕುಚ್ಚಲಕ್ಕಿಯ ಚೀಲಗಳು ಒಂದರ ಮೇಲೊಂದು ಏರತೊಡಗಿದರೆ ಕೊಲ್ಲಿಯ ನೀರು ಬಿಸಿಯಾಗಿದೆ ಎಂದರ್ಥ, ಒಂದೊಂದಾಗಿ ಮನೆಯೊಳಗೆ ಕರಗಿದರೆ ಶಾಂತಿ ಮಾತುಕತೆ ನಡೆದಿದೆ ಎಂದರ್ಥ. ಕ್ಷಿಪಣಿಗಳ ವಿಚಾರ ದೊಡ್ಡವರು ನೋಡಿಕೊಳ್ಳಲಿ, ಗಂಜಿಗೆ ಮಾತ್ರ ತೊಂದರೆಯಾಗಬಾರದು ಎಂಬುದು ನಮ್ಮ ಕರಾವಳಿಯವರ ಯುದ್ಧನೀತಿ. ಈಚೆಗೆ ಆ ಮೂಲೆ ನನ್ನ ಎದೆಯ ಮಟ್ಟಕ್ಕೆ ಬಂದಿತ್ತು.

ನಾನು ಇಲ್ಲಿನ ಒಂದು ಇಂಗ್ಲಿಷ್ ಪತ್ರಿಕೆಯ ಡೆಸ್ಕಿನಲ್ಲಿ ಕೂರುವವನು. ಗೆಳೆಯರೇ, ಡೆಸ್ಕಿನವನ ಕೆಲಸ ಸುದ್ದಿ ಬರೆಯುವುದಲ್ಲ, ಬಂದ ಸುದ್ದಿಯೊಳಗಿನ ಸುದ್ದಿಯಲ್ಲದ್ದನ್ನು ಹೊಡೆದುಹಾಕುವುದು. ‘ಭೀಕರ’, ‘ಬೆಚ್ಚಿಬಿದ್ದ’, ‘ಇಡೀ ಜಗತ್ತೇ’ ಮುಂತಾದ ಪದಗಳನ್ನು ಅಕ್ಕಿಯ ಕಲ್ಲಿನಂತೆ ಆರಿಸಿ ಎಸೆಯುತ್ತಾ ಆಯುಷ್ಯದ ಒಳ್ಳೆಯ ಭಾಗವನ್ನು ಕಳೆದಿದ್ದೇನೆ. ಇಷ್ಟು ಕಳೆದ ಮೇಲೆ ಒಂದು ದುರಭ್ಯಾಸ ಅಂಟಿಕೊಂಡಿದೆ: ಯಾರು ಏನೇ ಹೇಳಿದರೂ, ಯಾವುದು, ಎಲ್ಲಿ, ಯಾರು ಹೇಳಿದ್ದು ಎಂದು ಕೇಳುವುದು. ಈ ಮೂರು ಪ್ರಶ್ನೆಗಳು ಒಂದೇ ಮಧ್ಯಾಹ್ನದೊಳಗೆ ಒಂದು ಮಹಾನೌಕೆಯನ್ನು ಮುಳುಗಿಸಬಲ್ಲವೆಂದು ನನಗೆ ತಿಳಿದಿರಲಿಲ್ಲ.

ಬೆಳಿಗ್ಗೆ ಹಾಲು ತರಲೆಂದು ಕೆಳಗಿನ ಅಂಗಡಿಗೆ ಇಳಿದಿದ್ದೆ. ಅಂಗಡಿ ಉಳ್ಳಾಲದ ಅಶ್ರಫ್ ಬ್ಯಾರಿಯವರದು, ನಮಗೆಲ್ಲ ಅವರು ಅಶ್ರಫಾಕ. ಹಾಲಿನ ಡಬ್ಬಿಯನ್ನು ಕೈಯಲ್ಲೇ ಹಿಡಿದುಕೊಂಡು, ಕೊಡದೆ, ಫೋನನ್ನು ನನ್ನ ಮೂಗಿನ ಬಳಿ ತಂದರು.

“ನೋಡಿ ಶೆಟ್ರೇ, ಖಲಾಸ್! ವಿಮಾನ ಹೊರುವ ಹಡಗು, ಇಡೀ ಹಡಗೇ ಹೋಯ್ತು.”

ವಿಡಿಯೊದಲ್ಲಿ ಒಂದು ವಿಮಾನವಾಹಕ ನೌಕೆ ಬೆಂಕಿಯುಗುಳುತ್ತಾ ಓರೆಯಾಗಿ, ಮೂತಿಯನ್ನು ಮೇಲೆತ್ತಿ, ನಾಟಕದ ರಾಜನಂತೆ ಬಹಳ ಹೊತ್ತು ತೆಗೆದುಕೊಂಡು ಮುಳುಗುತ್ತಿತ್ತು. ಕಡಲು ಇಸ್ತ್ರಿ ಮಾಡಿದ ನೀಲಿ ಪರದೆಯಂತಿತ್ತು. ಇದು ಮಕ್ಕಳು ಕಂಪ್ಯೂಟರಿನಲ್ಲಿ ಆಡುವ ಯಾವುದೋ ಯುದ್ಧದಾಟದ ತುಣುಕು ಎಂದು ನನಗೆ ಕಂಡಿತು. ಏಕೆಂದರೆ ಅಷ್ಟು ದೊಡ್ಡ ಹಡಗಿನಿಂದ ಒಬ್ಬನೇ ಒಬ್ಬ ಮನುಷ್ಯ ನೀರಿಗೆ ಹಾರಲಿಲ್ಲ.

“ಆಟದ ವಿಡಿಯೊ ಅಶ್ರಫಾಕ” ಎಂದೆ.

“ಆಟ ಅಂತೆ! ನಿಮ್ಮ ಪೇಪರ್‌ನವ್ರಿಗೆ ಬೆಂಕಿ ಕಾಲಿನಡಿಗೆ ಬಂದ ಮೇಲೇ ಹೊಗೆ ಕಾಣುದು ಮಾರಾಯ್ರೆ” ಎಂದು ನಕ್ಕು ಹಾಲು ಕೊಟ್ಟರು.

ಆಗ ನಗುತ್ತಾ ಮೇಲೆ ಬಂದಿದ್ದರೆ ಕಥೆ ಮುಗಿಯುತ್ತಿತ್ತು. ಅಭ್ಯಾಸ ಬಿಡಬೇಕಲ್ಲ. ಫೋನಿನಲ್ಲಿ ನಮ್ಮ ಕಟ್ಟಡದವರದೇ ಒಂದು ಗುಂಪಿದೆ, ತುಳು, ಕೊಂಕಣಿ, ಬ್ಯಾರಿ ಮೂರೂ ಸೇರುವ ಆ ಜಾಗದಲ್ಲಿ ಕನ್ನಡವೇ ಮಧ್ಯಸ್ಥ. ಅಲ್ಲಿ ವಿಡಿಯೊ ಆಗಲೇ ನಾಲ್ಕಾರು ಸಲ ಮುಳುಗಿತ್ತು. ಅದರ ಕೆಳಗೆ ನಾನು ಬರೆದೆ: ‘ಯಾವ ವಿಮಾನವಾಹಕ ನೌಕೆ? ಎಲ್ಲಿ ಮುಳುಗಿತು? ಯಾರು ಹೇಳಿದ್ದು?’

ಹಡಗು ಮುಳುಗಿದ ಸುದ್ದಿಯಲ್ಲಿ ಅದೇನೋ ರುಚಿಯಿದೆ. ದೋಣಿ ಮುಳುಗಿದರೆ ಒಳಪುಟದ ಎರಡು ಸಾಲು, ಅದರಲ್ಲಿದ್ದವರ ಮನೆಯವರನ್ನು ಬಿಟ್ಟರೆ ಯಾರೂ ಓದುವುದಿಲ್ಲ. ಆದರೆ ತೇಲುವ ಪಟ್ಟಣದಂಥ, ಬೆನ್ನ ಮೇಲೆ ವಿಮಾನಗಳನ್ನು ಗಿಳಿಗಳಂತೆ ಕೂರಿಸಿಕೊಂಡ, ಎಂದೂ ಮುಳುಗದೆಂದು ಹೆಸರಾದ ಒಂದು ಗರ್ವ ಮುಳುಗಿತೆಂದರೆ ಅದರ ಶತ್ರುವಿಗೂ ಖುಷಿ, ಮಿತ್ರನಿಗೂ ಒಳಗೊಳಗೇ ರೋಮಾಂಚನ. ಹಾರೈಸಿದವರೂ ನಂಬಿದರು, ಹೆದರಿದವರೂ ನಂಬಿದರು. ಅದರಲ್ಲಿ ಸಾವಿರಾರು ಮಂದಿ ಇರುತ್ತಾರೆ, ಅನ್ನ ಬೇಯಿಸುವವರು, ಬಟ್ಟೆ ಒಗೆಯುವವರು, ಸಂಜೆ ಮನೆಗೆ ಫೋನು ಮಾಡುವವರು ಇರುತ್ತಾರೆ ಎಂಬುದು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ನನ್ನನ್ನು ಹೆಚ್ಚು ರೇಗಿಸಿದ್ದು ಸುಳ್ಳಲ್ಲ, ಆ ಸುಳ್ಳಿನೊಳಗೆ ಮನುಷ್ಯರಿಗೆ ಜಾಗವೇ ಇಲ್ಲದ್ದು.

ಮಧ್ಯಾಹ್ನ ಎದುರು ಮನೆಯ ಫೆಲಿಕ್ಸ್ ಬಾಗಿಲು ಬಡಿದರು. ಆಫೀಸಿನ ಕೆಲಸದಿಂದ ನಿವೃತ್ತರಾದವರು, ಊರು ಬೆಳ್ಮಣ್. ನಮ್ಮ ಕಡೆಯ ತುಳುವರು ಕ್ರೈಸ್ತರನ್ನು ಕರೆಯುವಂತೆ ನಾನವರನ್ನು ಪೊರ್ಬುಗಳೇ ಎನ್ನುತ್ತೇನೆ. ಅವರ ಹೆಂಡತಿ ಲವೀನಾ ಬಾಯಿ ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್, ಈಗ ಆ ಮನೆ ನಡೆಯುವುದು ಆಕೆಯ ಇಕಾಮಾದ, ಅಂದರೆ ಇಲ್ಲಿ ವಾಸಿಸುವ ಪರವಾನಗಿಯ ಮೇಲೆ.

“ಶೆಟ್ರೇ, ಒಮ್ಮೆ ಬನ್ನಿ. ಇವ್ಳಿಗೆ ಬುದ್ಧಿ ಹೇಳಿ. ಇವತ್ತೇ ರಾಜೀನಾಮೆ ಕೊಡು, ವಿಮಾನ ನಿಲ್ಲುವ ಮೊದ್ಲು ಊರಿಗೆ ಹೋಗುವ ಅಂದ್ರೆ ಕೇಳುದಿಲ್ಲ.”

ಒಳಗೆ ಲವೀನಾ ಬಾಯಿ ಡ್ಯೂಟಿಗೆ ಹೊರಡಲು ಊಟದ ಡಬ್ಬಿ ತುಂಬಿಸುತ್ತಿದ್ದರು. ಐವತ್ತು ದಾಟಿದ ನರ್ಸ್ ಒಮ್ಮೆ ರಾಜೀನಾಮೆ ಕೊಟ್ಟು ಇಕಾಮಾ ರದ್ದಾಯಿತೆಂದರೆ ಮರಳಿ ಕರೆಯುವವರು ಯಾರೂ ಇಲ್ಲ. ಅದು ಗಂಡನಿಗೂ ಗೊತ್ತು, ಹೆಂಡತಿಗೂ ಗೊತ್ತು. ಆಟದ ಹಡಗೊಂದು ನಿಜವಾದ ಕೆಲಸವೊಂದನ್ನು ತನ್ನೊಡನೆ ತಳಕ್ಕೆಳೆಯಲು ಬಂದಿತ್ತು.

“ಹಡಗು ಮುಳುಗಿದ್ದು ಖಚಿತ” ಎಂದರು ಪೊರ್ಬುಗಳು. “ಊರಿಂದ ಅಣ್ಣ ಕಳಿಸಿದ್ದು. ನೋಡಿ, ಮೇಲೇ ಬರ್ದುಂಟು.”

ನೋಡಿದೆ. ಅದೇ ವಿಡಿಯೊ. ಮೇಲೆ ಹೊಸದೊಂದು ಸಾಲು: ‘ಕುವೈತಿನ ಹಿರಿಯ ಪತ್ರಕರ್ತರಿಂದ ಖಚಿತ.’

ಆ ಹಿರಿಯ ಪತ್ರಕರ್ತ ಯಾರೆಂದು ಹುಡುಕಲು ಕುಳಿತೆವು. ಬೆಳ್ಮಣ್ಣಿನ ಅಣ್ಣನಿಗೆ ಫೋನು ಮಾಡಿದೆವು, ಅವರಿಗೆ ಕೊಟ್ಟದ್ದು ಉಳ್ಳಾಲದ ಮೀನು ವ್ಯಾಪಾರಿಯೊಬ್ಬರು. ಆ ಮೀನು ವ್ಯಾಪಾರಿಗೆ ಕುವೈತಿನಿಂದ ಕಳಿಸಿದ್ದು ಅವರ ಭಾವ. ಭಾವ ಯಾರು? ನಮ್ಮ ಕೆಳಗಿನ ಅಂಗಡಿಯ ಅಶ್ರಫಾಕ! ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟೆ.

“ಅಶ್ರಫಾಕ, ಯಾರು ಈ ಹಿರಿಯ ಪತ್ರಕರ್ತ?”

“ಎಂತ ತಮಾಷೆ ಶೆಟ್ರೇ, ನೀವೇ ಅಲ್ವಾ?”

“ನಾನು ಪ್ರಶ್ನೆ ಕೇಳಿದ್ದು! ಆಟದ ವಿಡಿಯೊ ಅಂತ ನಿಮಗೆ ಮುಖಕ್ಕೇ ಹೇಳಿದ್ದೆ!”

“ಬೆಳಿಗ್ಗೆ ಹಾಗೆ ಹೇಳಿದ್ರಿ. ಆಮೇಲೆ ಗುಂಪಲ್ಲಿ ಎಲ್ಲಿ, ಯಾವುದು ಅಂತ ಕೇಳಿದ್ರಿ. ನೀವು ಸುಳ್ಳಿಗೆಲ್ಲ ತಲೆ ಹಾಕುವ ಜನ ಅಲ್ಲ. ಪೇಪರ್‌ನವ್ರು ಕೇಳ್ತಾರೆ ಅಂದ್ರೆ ಒಳಗೆ ವಿಷಯ ಉಂಟು ಅಂತ ಲೆಕ್ಕ. ಅಷ್ಟೂ ಗೊತ್ತಾಗುದಿಲ್ವಾ ನಮ್ಗೆ?”

ಜೀವಮಾನವಿಡೀ ಯಾವುದನ್ನು ಸುಳ್ಳಿಗೆ ಅಡ್ಡಗಟ್ಟೆಯೆಂದು ಕಟ್ಟಿದ್ದೆನೋ ಅದರ ಮೇಲೆಯೇ ಸುಳ್ಳು ಆರಾಮವಾಗಿ ನಡೆದುಹೋಗಿತ್ತು. ಕೇಳದೆ ಸುಮ್ಮನಿದ್ದರೆ ‘ಪತ್ರಿಕೆಯವರು ಮುಚ್ಚಿಡುತ್ತಿದ್ದಾರೆ’, ಕೇಳಿದರೆ ‘ಪತ್ರಿಕೆಯವರಿಂದ ಖಚಿತ’. ಮುಳುಗಿದ ಹಡಗಿಗೆ ತಲೆಬರಹ ಕೊಡುವುದು ಸುಲಭ, ಎಂದಿನಂತೆ ತೇಲುತ್ತಿರುವ ಹಡಗಿಗೆ ಯಾವ ಪತ್ರಿಕೆಯಲ್ಲೂ ಜಾಗವಿಲ್ಲ. ತಲೆ ಚಚ್ಚಿಕೊಳ್ಳೋಣವೆಂದರೆ ಹತ್ತಿರದಲ್ಲಿದ್ದದ್ದು ಪೊರ್ಬುಗಳ ಮನೆಯ ಗೋಡೆ.

“ಈಗ ಗೊತ್ತಾಯ್ತಲ್ಲ ಪೊರ್ಬುಗಳೇ? ಮುಳುಗಿಲ್ಲ” ಎಂದೆ.

ಅವರು ಸಮಾಧಾನಗೊಳ್ಳಲಿಲ್ಲ. “ತೊಂಬತ್ತರ ಯುದ್ಧ ಸುರುವಾಗುವಾಗ ನಾನು ಇಲ್ಲೇ ಇದ್ದೆ ಶೆಟ್ರೇ. ಮೀನಾ ಅಬ್ದುಲ್ಲಾ ಅನ್ನುವ ಜಾಗದ ಒಂದು ರೂಮಿನಲ್ಲಿ. ಸಂಜೆ ಎಲ್ಲ ದೊಡ್ಡವ್ರೂ ಹೇಳಿದ್ರು, ಏನೂ ಆಗುದಿಲ್ಲ, ಮಲಗು ಅಂತ. ಪೇಪರಿನಲ್ಲೂ ಏನಿರ್ಲಿಲ್ಲ. ಬೆಳಿಗ್ಗೆ ಎದ್ದಾಗ ರಸ್ತೆಯಲ್ಲಿ ಟ್ಯಾಂಕು. ಉಟ್ಟ ಬಟ್ಟೆಯಲ್ಲಿ ಮರುಭೂಮಿ ದಾಟಿದವ ನಾನು. ಸುಳ್ಳು ನಂಬಿ ಊರಿಗೆ ಹೋದ್ರೆ ಕೆಲಸ ಹೋಗ್ತದೆ. ಸತ್ಯ ನಂಬದೆ ಕೂತ್ರೆ ಎಂತ ಹೋಗ್ತದೆ ಅಂತ ನಾನು ನೋಡಿದ್ದೇನೆ.”

ಇವತ್ತು ಮುಳುಗಿಲ್ಲ ಎನ್ನಬಲ್ಲೆ, ನಾಳೆಯ ಬಗ್ಗೆ ಯಾವ ಡೆಸ್ಕೂ ಖಾತರಿ ಕೊಡಲಾರದು. ಅವರ ಭಯ ಸುಳ್ಳಾಗಿರಲಿಲ್ಲ, ಅದು ಹತ್ತಿ ಕುಳಿತ ಹಡಗು ಮಾತ್ರ ಸುಳ್ಳು.

ಲವೀನಾ ಬಾಯಿ ಡಬ್ಬಿಯ ಮುಚ್ಚಳ ಒತ್ತಿ ಹಾಕಿ ಈಚೆ ತಿರುಗಿದರು.

“ಅದು ಮುಳುಗಿತು ಅಂತಲೇ ಇಟ್ಕೊಳ್ಳುವ. ಅದ್ರಲ್ಲಿದ್ದವ್ರು ಎಲ್ಲಿಗೆ ಬರ್ತಾರೆ? ನಿಮ್ಮ ಗುಂಪಿಗಾ? ಮುಳುಗಿದ್ರೆ ಸುಟ್ಟವ್ರು ಬರ್ತಾರೆ, ಮುಳುಗದಿದ್ರೆ ಶುಗರಿನವ್ರು ಬರ್ತಾರೆ. ಎರಡಕ್ಕೂ ಡ್ಯೂಟಿ ನಂದೇ. ನಿಮ್ಗೆ ಹೆದರಿಕೆ ಆದ್ರೆ ನೀವು ಊರಿಗೆ ಹೋಗಿ, ನಾನು ಬೇಡ ಅನ್ನುದಿಲ್ಲ. ಈಗ ಕಾರು ತೆಗೀತೀರಾ, ಟ್ಯಾಕ್ಸಿ ಕರಿಯುದಾ?”

ಪೊರ್ಬುಗಳು ಗೋಡೆಯ ಮೊಳೆಯಿಂದ ಕಾರಿನ ಕೀಲಿ ತೆಗೆದರು. ನನ್ನ ಆಫೀಸೂ ಅದೇ ದಾರಿಯಲ್ಲಿದ್ದುದರಿಂದ ಹಿಂದಿನ ಸೀಟಿನಲ್ಲಿ ನಾನೂ ಕುಳಿತೆ. ಆಸ್ಪತ್ರೆಯ ಗೇಟಿನಲ್ಲಿ ಆಕೆ ಇಳಿದು, ಡಬ್ಬಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಹಿಂತಿರುಗಿ ನೋಡದೆ ಒಳಗೆ ನಡೆದರು.

ಪೊರ್ಬುಗಳ ಫೋನು ಆಗಲೇ ಎರಡು ಮೂರು ಸಲ ಗುಂಯ್‌ಗುಟ್ಟಿತ್ತು. “ಅಣ್ಣ ಕೇಳ್ತಾ ಇದ್ದಾನೆ. ಎಂತ ಬರೀಲಿ ಶೆಟ್ರೇ?”

“ನಾವಿಬ್ಬರೂ ಈಗ ಕಣ್ಣಾರೆ ಕಂಡದ್ದನ್ನು ಬರೆಯಿರಿ” ಎಂದೆ.

ಅವರು ಒಂದೇ ಬೆರಳಿನಲ್ಲಿ, ನಿಧಾನವಾಗಿ ಬರೆದರು: ‘ಲವೀನಾ ಡ್ಯೂಟಿಗೆ ಹೋದಳು.’ ಇಡೀ ದಿನದಲ್ಲಿ ನಾನು ಓದಿದ, ಒಂದು ಪದವನ್ನೂ ತೆಗೆಯಬೇಕೆನಿಸದ ಏಕೈಕ ಸುದ್ದಿ ಅದು.

ಬೆಳ್ಮಣ್ಣಿನಿಂದ ಕೂಡಲೇ ಉತ್ತರ ಬಂತು. ‘ಅದಿರಲಿ. ಹಡಗು ಎಂತಾಯ್ತು?’

ಪೊರ್ಬುಗಳು ಫೋನನ್ನು ಸೀಟಿನ ಮೇಲೆ ಬೋರಲು ಹಾಕಿದರು. ಕಾರು ಹೊರಡಿಸಲು ಕೀಲಿಗೆ ಕೈಹಾಕಿದವರು ತಟ್ಟನೆ ನಿಲ್ಲಿಸಿ, “ಕರ್ಕೊಂಡು ಹೋಗ್ಲಿಕ್ಕೆ ಎಷ್ಟು ಹೊತ್ತಿಗೆ ಬರ್ಬೇಕು ಅಂತ ಕೇಳ್ಲೇ ಇಲ್ಲ ಮಾರಾಯ್ರೆ” ಎನ್ನುತ್ತಾ ಬಾಗಿಲು ತೆರೆದು, ಆ ಬಿಸಿಲಿನಲ್ಲಿ, ಗೇಟಿನ ಕಡೆಗೆ ಓಡಿದರು.